ನಾಲಿಗೆ: ಬಳಕೆದಾರರ ಕೈಪಿಡಿ, ಶಹಾಪುರ ಮಾದರಿ

ಮೊದಲು ಇದನ್ನು ಓದಿ

ಮಿಕ್ಸರು, ಫ್ರಿಜ್ಜು ಕೊಂಡಾಗ ಜೊತೆಗೆ ಬರುವ ಪುಸ್ತಕ 'ಅಭಿನಂದನೆಗಳು' ಎಂದು ಶುರುವಾಗುತ್ತದೆ. ಈ ಕೈಪಿಡಿಗೆ ಆ ಸೌಜನ್ಯ ಸಾಧ್ಯವಿಲ್ಲ. ಇದು ನಿಮ್ಮ ಕೈ ಸೇರಿದೆ ಎಂದರೆ ಅದಕ್ಕಿಂತ ಮೊದಲು ಒಂದು ರಕ್ತಪರೀಕ್ಷೆಯ ವರದಿ ಬಂದಿದೆ, ಡಾಕ್ಟರು ಅದನ್ನು ನೋಡಿ, "ಶುಗರ್ ಬಾರ್ಡರ್‌ನ್ಯಾಗ ಐತ್ರಿ. ಅನ್ನ ಕಡಿಮಿ ಮಾಡ್ರಿ, ಕಾಯಿಪಲ್ಯೆ ಜಾಸ್ತಿ ತಿನ್ರಿ" ಎಂದಿದ್ದಾರೆ ಎಂದೇ ಅರ್ಥ.

ಬೆಳಗಾವಿಯವರು ಬಾರ್ಡರ್ ಎಂಬ ಮಾತಿಗೆ ಬೆಚ್ಚುವವರಲ್ಲ. ಈ ಊರು ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಎಂಬ ತಕರಾರಿಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು ಹೋಯಿತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು, ನಾವು ಇಲ್ಲೇ ಇದ್ದೇವೆ. ಬಾರ್ಡರಿನ ಮೇಲೆ ತಲೆಮಾರುಗಟ್ಟಲೆ ಆರಾಮಾಗಿ ಕೂರಬಹುದು ಎಂಬುದು ಈ ಊರಿನ ಅನುಭವ. ಎಚ್‌ಬಿಎ1ಸಿ ಎಂಬ ಪರೀಕ್ಷೆಯ ಬಾರ್ಡರಿಗೆ ಮಾತ್ರ ಆ ಸಂಯಮವಿಲ್ಲ. ಅದರ ಪಟ್ಟಿ ಬಲು ಸಣ್ಣದು, 5.7ರಿಂದ 6.4. ಅದನ್ನು ದಾಟಿದರೆ ಆಚೆ ಕಡೆಯವರು ನಿಮ್ಮನ್ನು ತಮ್ಮವನೆಂದು ಬರಮಾಡಿಕೊಳ್ಳುತ್ತಾರೆ, ತಕರಾರೇ ಇಲ್ಲ. ಪರೀಕ್ಷೆಯ ಹಿಂದಿನ ದಿನ ಏಕಾದಶಿ ಮಾಡಿ ಪಾರಾಗುವ ಉಪಾಯವೂ ನಡೆಯದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಆ ಅವಧಿಯ ಸಕ್ಕರೆಯೆಲ್ಲ ಅದಕ್ಕೆ ಅಂಟಿಕೊಂಡು ಸಾಕ್ಷಿಗೆ ನಿಂತಿರುತ್ತದೆ. ಯಾವ ವಕೀಲರಿಂದಲೂ ಇಲ್ಲಿ ಮುಂದಿನ ತಾರೀಖು ಸಿಗುವುದಿಲ್ಲ.

ಆದ್ದರಿಂದ ಕೈಪಿಡಿ.

ಉಪಕರಣದ ಪರಿಚಯ

ನಿಮ್ಮ ಬಳಿ ಇರುವುದು ನಲವತ್ತು ಚಿಲ್ಲರೆ ವರ್ಷ ಓಡಿದ ನಾಲಿಗೆ. ಮಾಲೀಕರು ಬದಲಾಗಿಲ್ಲ, ಸರ್ವಿಸ್ ಒಮ್ಮೆಯೂ ಆಗಿಲ್ಲ. ಕಾರ್ಖಾನೆಯಿಂದ ಬರುವಾಗಲೇ ಇದರಲ್ಲಿ ಎರಡು ಸೆಟ್ಟಿಂಗ್ ಇರುತ್ತವೆ: ಸಿಹಿ ಬಂದರೆ ಬಾಗಿಲು ತೆರೆ, ಕಹಿ ಬಂದರೆ ಉಗುಳು. ತಯಾರಕರು ಮೂರ್ಖರಲ್ಲ. ಕಾಡಿನಲ್ಲಿ ಅಲೆಯುತ್ತಿದ್ದ ಕಾಲಕ್ಕೆ ಸಿಹಿ ಎಂದರೆ ಹಣ್ಣು, ಕಹಿ ಎಂದರೆ ಬಹಳ ಸಲ ವಿಷ. ಮುಂದೆ ಬೆಳಗಾವಿಯ ಶಹಾಪುರದ ಓಣಿಯಲ್ಲಿ ಕುಂದಾ ಎಂಬ ಮಿಠಾಯಿ ತೂಗುತ್ತಿರುತ್ತಾರೆ ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ, ಅಷ್ಟೇ.

ಎಲ್ಲ ಉಪಕರಣಗಳೂ ಒಂದೇ ತರಹ ಇರುವುದಿಲ್ಲ. 1931ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಒಂದು ಪುಡಿಯನ್ನು ಸುರುವುವಾಗ ಅದು ಗಾಳಿಗೆ ಹಾರಿತು. ಪಕ್ಕದಲ್ಲಿದ್ದವ ಬಾಯೆಲ್ಲ ಕಹಿ ಎಂದು ಮುಖ ಕಿವಿಚಿದ, ಫಾಕ್ಸನಿಗೆ ಏನೂ ಅನ್ನಿಸಲಿಲ್ಲ. ಇಬ್ಬರೂ ಪುಡಿಯನ್ನು ನೆಕ್ಕಿ ಜಗಳವಾಡಿದರು, ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು. ಈ ಭೇದಕ್ಕೆ ಕಾರಣವಾದ ಜೀನ್ ಯಾವುದೆಂದು 2003ರಲ್ಲಿ ಗೊತ್ತಾಯಿತು. ಎಲೆಕೋಸು, ಸಾಸಿವೆ ಸೊಪ್ಪಿನ ಕಡೆಯ ಪಲ್ಯೆಗಳು ಕೆಲವರ ಬಾಯಿಗೆ ನಿಜವಾಗಿಯೂ ಹೆಚ್ಚು ಕಹಿ. ಹೀಗಾಗಿ ಊಟಕ್ಕೆ ಕೂತವರು "ನನಗ ಕಹಿ ಹತ್ತವಲ್ಲದು, ನಿನಗ್ಯಾಕ ಹತ್ತತೈತಿ?" ಎಂದು ಒಬ್ಬರನ್ನೊಬ್ಬರು ತನಿಖೆ ಮಾಡುವುದನ್ನು ಈ ಕೈಪಿಡಿ ನಿಷೇಧಿಸುತ್ತದೆ.

ಸೆಟ್ಟಿಂಗ್ ಬದಲಾಗುತ್ತದೆಯೇ? ಆಗುತ್ತದೆ. ಗರ್ಭಿಣಿಯಾಗಿದ್ದಾಗ ಅಥವಾ ಹಾಲೂಡಿಸುವಾಗ ತಾಯಂದಿರು ಗಜ್ಜರಿಯ ರಸ ಕುಡಿದಿದ್ದರೆ, ಮುಂದೆ ಅವರ ಕೂಸುಗಳು ಗಜ್ಜರಿ ರುಚಿಯ ಗಂಜಿಗೆ ಮುಖ ಕಿವಿಚುವುದು ಕಡಿಮೆ ಎಂದು ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು ಫಿಲಡೆಲ್ಫಿಯಾದಲ್ಲಿ 2001ರಲ್ಲಿ ತೋರಿಸಿದರು. ಆ ಅವಕಾಶ ನಿಮಗೆ ತಪ್ಪಿದೆ. ನಿಮ್ಮ ಅವ್ವ ಆಗ ಏನು ತಿಂದಿದ್ದರೆಂದು ಈಗ ವಿಚಾರಿಸಿ ಫಲವಿಲ್ಲ. ಇನ್ನೊಂದು ದಾರಿ ಉಳಿದಿದೆ. ಲೀಯನ್ ಬರ್ಚ್ ಎಂಬ ಮನಶ್ಶಾಸ್ತ್ರಜ್ಞೆ 1982ರಲ್ಲಿ ಎರಡು ವರ್ಷದ ಮಕ್ಕಳಿಗೆ ಅಪರಿಚಿತ ತಿನಿಸುಗಳನ್ನು ಮತ್ತೆ ಮತ್ತೆ ಕೊಟ್ಟು ನೋಡಿದರು. ಕೆಲವನ್ನು ಎರಡು ಸಲ, ಕೆಲವನ್ನು ಐದು, ಹತ್ತು, ಹದಿನೈದು, ಇಪ್ಪತ್ತು ಸಲ. ಹೆಚ್ಚು ಸಲ ಬಾಯಿಗೆ ಬಂದದ್ದೇ ಹೆಚ್ಚು ಹಿಡಿಸಿತು. ಉಪದೇಶವಿಲ್ಲ, ಲಂಚವಿಲ್ಲ, ಬರೀ ಪರಿಚಯ. ನಲವತ್ತು ದಾಟಿದ ನೀವು ಎರಡು ವರ್ಷದವರಿಗಿಂತ ಹೆಚ್ಚು ಹಟಮಾರಿ ಎಂಬುದು ಮನೆಯವರ ದೂರು. ಅದಕ್ಕೆ ತಕ್ಕಂತೆ ಸಲಗಳನ್ನು ಏರಿಸಿಕೊಳ್ಳಬೇಕು.

ಅಳವಡಿಸುವ ಸ್ಥಳ

ಯಂತ್ರವನ್ನು ಒಲೆಯ ಹತ್ತಿರ ಇಡಬೇಡಿ, ತೇವವಿರುವಲ್ಲಿ ಇಡಬೇಡಿ ಎಂದು ಬೇರೆ ಪುಸ್ತಕಗಳಲ್ಲಿ ಬರೆದಿರುತ್ತದೆ. ಈ ಉಪಕರಣವನ್ನು ಇಟ್ಟಿರುವ ಜಾಗವಂತೂ ಶಹಾಪುರ, ಬದಲಿಸುವಂತಿಲ್ಲ. ಹಿಂದೆ ಇದು ಸಾಂಗಲಿ ಸಂಸ್ಥಾನದ ಪೇಟೆ. ಪಕ್ಕದ ಬೆಳಗಾವಿ ಬ್ರಿಟಿಷರದ್ದು, ನೇಕಾರಿಕೆ ಮತ್ತು ವ್ಯಾಪಾರ ಇಲ್ಲಿನದು. ಸೀರೆಗೆ ಬಂದವರು ಬರಿಗೈಲಿ ಹೋಗಬಾರದೆಂಬ ಊರಲ್ಲಿ ಬರಿ ಬಾಯಲ್ಲಿ ಹೋಗುವುದೂ ಅಪಚಾರವೇ. ಹಾಲು, ಖವಾ, ಸುಟ್ಟ ಸಕ್ಕರೆ ಸೇರಿ ಕಂದುಬಣ್ಣಕ್ಕೆ ತಿರುಗಿದ ಕುಂದಾ ಒಂದು ಕಡೆ, ತುಪ್ಪ ಸಕ್ಕರೆ ತುಂಬಿ ಹಾಳೆಯಂತೆ ಮಡಚಿಟ್ಟ ಮಂಡಿಗೆ ಇನ್ನೊಂದು ಕಡೆ. ಕಪಿಲೇಶ್ವರ ಗುಡಿಯಿಂದ ಹೊರಟವರು ಮಿಠಾಯಿ ಅಂಗಡಿ ಸಿಗದಂತೆ ಮನೆ ಸೇರುವ ನಕ್ಷೆಯನ್ನು ಈ ಕೈಪಿಡಿಯಲ್ಲಿ ಕೊಡಬೇಕೆಂದಿತ್ತು. ಅಂಥ ದಾರಿಯನ್ನು ಯಾರೂ ಕಟ್ಟಿಸಿಲ್ಲ.

ಇದೇ ಶಹಾಪುರಕ್ಕೆ ಇನ್ನೊಂದು ಮಗ್ಗುಲೂ ಇದೆ, ಹೊಲಗದ್ದೆಗಳ ಶಿವಾರ. ಶಹಾಪುರ, ವಡಗಾವಿ, ಅನಗೋಳ, ಯಳ್ಳೂರಿನ ಕರಿ ಮಣ್ಣಿನ ಗದ್ದೆಗಳಲ್ಲಿ ಮಳೆಗಾಲಕ್ಕೆ ಘಮಘಮಿಸುವ ಬೆಳಗಾವಿ ಬಾಸುಮತಿ, ಭತ್ತ ಕೊಯ್ದ ಮೇಲೆ ಉಳಿದ ಹಸಿಯಲ್ಲೇ ಮಸೂರ, ಕಡಲೆ. ಬಳ್ಳಾರಿ ನಾಲಾ ಉಕ್ಕಿದ ವರ್ಷ ಪೈರು ಕೊಳೆಯುತ್ತದೆ, ಉಕ್ಕದ ವರ್ಷ ಗದ್ದೆಗಳ ಮೇಲೆ ಹಾಯುವ ಹಲಗಾ–ಮಚ್ಛೆ ಬೈಪಾಸ್ ರಸ್ತೆಯ ತಕರಾರು. ಆದರೂ ಕಾಯಿಪಲ್ಯೆ ಬರುವುದು ನಿಂತಿಲ್ಲ. ಬೆಳಗಾವಿಯ ಸುತ್ತಲಿನ ಕೋಸು, ಬೀನ್ಸು, ಟೊಮೆಟೊ, ಕೊತ್ತಂಬರಿ ದಿನಾಲೂ ಲಾರಿ ಹತ್ತಿ ಚೋರ್ಲಾ ಘಟ್ಟ ಇಳಿದು ಗೋವಾಕ್ಕೆ ಹೋಗುತ್ತವೆ. ಗೋವಾದವರು ನಮ್ಮ ಕಾಯಿಪಲ್ಯೆ ತಿಂದು ಸಮುದ್ರ ನೋಡುತ್ತ ಕೂರುತ್ತಾರೆ. ನಾವು ಅದೇ ಲಾರಿಗೆ ದಾರಿ ಬಿಟ್ಟು ನಿಂತು ಬಟಾಟೆ ವಡಾ ತಿನ್ನುತ್ತೇವೆ. ಈ ವ್ಯಾಪಾರದಲ್ಲಿ ಲಾಭ ಯಾರಿಗೆ ಎಂಬುದನ್ನು ಎಪಿಎಂಸಿಯವರು ಬರೆದಿಡುವುದಿಲ್ಲ.

ಬಟಾಟೆಯ ಮಾತು ಬಂತು, ಇಲ್ಲೇ ಮುಗಿಸೋಣ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಬಟಾಟೆಯನ್ನು ಲೆಕ್ಕದಿಂದ ಹೊರಗಿಟ್ಟಿದೆ. ಬಟಾಟೆ ಭಾಜಿ, ಬಟಾಟೆ ವಡಾ, ಪಾವ್ ಭಾಜಿಯೊಳಗಿನ ಮುಕ್ಕಾಲು ಪಾಲು, ಯಾವುದೂ ಜಮೆಯಾಗುವುದಿಲ್ಲ. ಮೇಲೆ ಉದುರಿಸಿದ ಕೊತ್ತಂಬರಿಯನ್ನು ಬೇಕಾದರೆ ತೂಕಕ್ಕೆ ಹಾಕಿಕೊಳ್ಳಿ.

ತಾಟಿನ ಜೋಡಣೆ

ಇದು ಕೈಪಿಡಿಯ ಮುಖ್ಯ ಭಾಗ, ಅವಸರ ಬೇಡ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಊಟದ 17 ಸೂತ್ರಗಳನ್ನು ಹೊರತಂದಿತು. ಜೊತೆಗೆ ಒಂದು ತಾಟಿನ ಚಿತ್ರವೂ ಇದೆ. ಅದರ ಅರ್ಧದಷ್ಟು ಕಾಯಿ, ಸೊಪ್ಪು, ಗಡ್ಡೆ, ಹಣ್ಣು. ಉಳಿದ ಅರ್ಧದಲ್ಲಿ ಮುಖ್ಯವಾಗಿ ಧಾನ್ಯ, ಬೇಳೆಕಾಳು. ಚಿತ್ರ ನೋಡಿದ ಕೂಡಲೇ ಶಹಾಪುರದ ಗೃಹಸ್ಥರು ಇದು ಯಾವುದೋ ದೇಶದ ತಾಟು, ನಮ್ಮದಲ್ಲ ಎಂದುಬಿಡುತ್ತಾರೆ. ಹಾಗೆ ಅನ್ನುವ ಮೊದಲು ನಿಮ್ಮ ಅಜ್ಜಿ ಹೇಗೆ ಬಡಿಸುತ್ತಿದ್ದರೆಂದು ನೆನಪಿಸಿಕೊಳ್ಳಿ. ಜೋಳದ ರೊಟ್ಟಿ, ಅದರ ಮೇಲೆ ಎಣ್ಣೆಗಾಯಿ ಬದನೆಕಾಯಿ. ಪಕ್ಕದಲ್ಲಿ ಮಟಕಿಕಾಳಿನ ಉಸಳ ಇಲ್ಲವೇ ಮಸೂರದ ಆಮಟಿ. ಮೆಂತೆಯನ್ನು ಹಸಿಯಾಗಿಯೇ ಹೆಚ್ಚಿ ಉಳ್ಳಾಗಡ್ಡಿ, ಟೊಮೆಟೊ, ಶೇಂಗಾಪುಡಿ ಕಲಿಸಿದ ಪಚಡಿ. ಉದ್ದುದ್ದ ಸೀಳಿದ ಸವತಿಕಾಯಿ, ಗಜ್ಜರಿ. ಎಲೆ ಸಮೇತ ಎಳೆಯ ಮೂಲಂಗಿ, ಉಳ್ಳಾಗಡ್ಡಿಯ ತಪ್ಪಲ, ಒಂದು ಹಿಡಿ ಹಕ್ಕರಕಿ. ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು. ಹೈದರಾಬಾದಿನವರು ಚಿತ್ರ ಬರೆಯುವುದಕ್ಕಿಂತ ಬಹಳ ಮೊದಲೇ ಈ ತಾಟು ಇಲ್ಲಿತ್ತು.

ಕೆಟ್ಟಿರುವುದು ಪದಾರ್ಥವಲ್ಲ, ಪ್ರಮಾಣ. ಹಕ್ಕರಕಿ ಮೂರು ಎಲೆಗೆ ಇಳಿದು ಅಲಂಕಾರವಾಯಿತು, ಪಚಡಿ ಚಮಚೆಯ ಲೆಕ್ಕಕ್ಕೆ ಬಂತು, ಅನ್ನ ಗುಡ್ಡದಂತೆ ಏರಿತು. ಅನ್ನದ ಸಾರಿಗೆ ಬಟಾಟೆ, ಚಪಾತಿಯ ಭಾಜಿಗೂ ಬಟಾಟೆ. ನೀವು ಹೊಸ ಆಹಾರ ಕಲಿಯಬೇಕಿಲ್ಲ. ತಾಟಿನ ಅಂಚಿಗೆ ಸರಿದು ಕೂತವರನ್ನು ನಡುಮನೆಗೆ ಕರೆದರೆ ಸಾಕು. ದೂರದ ದೇಶದ ಕೇಲ್ ಸೊಪ್ಪನ್ನು ಆನ್‌ಲೈನಿನಲ್ಲಿ ತರಿಸುವ ಯೋಚನೆ ಮಾಡಿದ್ದರೆ ಆ ದುಡ್ಡು ನಿಮ್ಮದು, ಈ ಕೈಪಿಡಿಗೆ ಅಭ್ಯಂತರವಿಲ್ಲ. ಕಿರಕಸಾಲಿ, ರಾಜಗಿರಿ, ಪುಂಡಿಪಲ್ಯೆಗೆ ಬೇಸರವಾಗಬಹುದು, ಅಷ್ಟೇ.

ಪ್ರಮಾಣ ಬದಲಿಸುವಾಗ ಅತಿರೇಕಕ್ಕೆ ಹೋಗಬೇಡಿ. 1924ರ ಡಿಸೆಂಬರಿನಲ್ಲಿ ಇಲ್ಲೇ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದ ಗಾಂಧೀಜಿ, ಅದಕ್ಕೂ ಮುಂಚೆ 1915ರ ಹರಿದ್ವಾರದ ಕುಂಭಮೇಳದಲ್ಲಿ ದಿನಕ್ಕೆ ಐದೇ ಪದಾರ್ಥ ತಿನ್ನುವ ವ್ರತ ತೊಟ್ಟಿದ್ದರು. ಮಸಾಲೆ ಪದಾರ್ಥವೂ ಲೆಕ್ಕಕ್ಕೆ ಬರುವ ವ್ರತ ಅದು. ಶಹಾಪುರದಲ್ಲಿ ಐದು ಪದಾರ್ಥ ಎಂದರೆ ಚಟ್ನಿಗಳ ಸಾಲು ಮುಗಿಯುವ ಮೊದಲೇ ಕೈ ತೊಳೆಯಬೇಕಾಗುತ್ತದೆ. ಮಹಾತ್ಮರ ಸೆಟ್ಟಿಂಗನ್ನು ಗೃಹಸ್ಥರ ಉಪಕರಣದಲ್ಲಿ ಪ್ರಯೋಗಿಸಿದರೆ ಆಗುವ ಹಾನಿಗೆ ಕಂಪನಿ ಹೊಣೆಯಲ್ಲ.

ಚಾಲನೆ

ಹೊಸ ಉತ್ಸಾಹದಲ್ಲಿ ಮೊದಲ ದಿನವೇ ಹಾಗಲಕಾಯಿಯ ರಸ ಕುಡಿದು, ಎರಡನೇ ದಿನ ಬೆಳಗಾವಿಯ ಎಲ್ಲ ತರಕಾರಿಗಳನ್ನೂ ಶಪಿಸುವವರ ಸಂಖ್ಯೆ ದೊಡ್ಡದು. ಹಾಗಲಕಾಯಿ ಕಡೆಯ ಪಾಠ. ಮೊದಲು ನಾಲಿಗೆಗೆ ಈಗಾಗಲೇ ನಂಬಿಕೆಯಿರುವ ಗೆಳೆಯರ ಜೊತೆಗೆ ಕಾಯಿಪಲ್ಯೆಯನ್ನು ಒಳಗೆ ಬಿಡಿ. ಉತ್ತರ ಕರ್ನಾಟಕದಲ್ಲಿ ಆ ಗೆಳೆಯನ ಹೆಸರು ಶೇಂಗಾ. ಹುರಿದು ಸಿಪ್ಪೆ ತೆಗೆದು ತರಿತರಿಯಾಗಿ ಕುಟ್ಟಿದ ಶೇಂಗಾಪುಡಿ, ಎಳ್ಳು, ತುಸು ಹುಣಸೆ, ತುಸು ಬೆಲ್ಲ. ಇವು ಬೆರೆತ ಮೇಲೆ ಬದನೆಕಾಯಿ, ಹೀರೇಕಾಯಿ, ಡೊಣಮೆಣಸಿನಕಾಯಿ ಯಾವುದಕ್ಕೂ ತಕರಾರು ಹುಟ್ಟುವುದು ಕಷ್ಟ. ಎಣ್ಣೆ ಸ್ವಲ್ಪ ಬೀಳಲಿ. ಸೊಪ್ಪು, ಗಜ್ಜರಿಯಲ್ಲಿರುವ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜಿಡ್ಡು ಬೇಕು. ಬೇಯಿಸಿ ಉಪ್ಪು ಹಾಕದೆ ಆಸ್ಪತ್ರೆಯ ತಾಟಿನಂತೆ ತಿನ್ನುವುದೇ ಆರೋಗ್ಯ ಎಂದು ಯಾರೋ ಹೇಳಿದ್ದರೆ, ಅವರು ನಿಮ್ಮ ಹಿತೈಷಿಯಲ್ಲ. ಹಾಗೆಂದು ಎಣ್ಣೆಗಾಯಿಯ ಮೇಲೆ ಒಂದು ಬೆರಳು ಎಣ್ಣೆ ನಿಲ್ಲಬೇಕೆಂಬ ಮನೆತನದ ಮರ್ಯಾದೆಯನ್ನು ವಾರಕ್ಕೊಮ್ಮೆಗೆ ಇಟ್ಟುಕೊಳ್ಳಿ.

ಮೆಂತೆಯನ್ನು ತೊಗರಿಬೇಳೆಯ ಜೊತೆ, ಇಲ್ಲವೇ ಕಡಲೆಹಿಟ್ಟಿನ ಜುಣಕದಲ್ಲಿ ಹಾಕಿ. ಕಹಿ ಇದ್ದೂ ಇಲ್ಲದಂತೆ ಇರುತ್ತದೆ. ಎಲೆಕೋಸನ್ನು ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ ಓಣಿಗೆಲ್ಲ ಹಂಚಬೇಡಿ. ಹೆಚ್ಚು ಬೆಂದಷ್ಟೂ ಅದರೊಳಗಿನ ಗಂಧಕದ ವಾಸನೆ ಎದ್ದು ಬರುತ್ತದೆ. ದೊಡ್ಡ ಉರಿಯಲ್ಲಿ ಬೇಗ ಬಾಡಿಸಿ ಇಳಿಸಿದರೆ ಅದೇ ಕೋಸು ಸಿಹಿ. ಹಾಗಲಕಾಯಿಯ ಸರದಿ ಬಂದಾಗ ತೆಳ್ಳಗೆ ಹೆಚ್ಚಿ ಉಪ್ಪು ಸವರಿಡಿ. ಅವ್ವಂದಿರು ಇದನ್ನು ನೀರು ಬಿಡಿಸುವುದು ಎನ್ನುತ್ತಿದ್ದರು. ಉಪ್ಪು ನಾಲಿಗೆಯ ಮೇಲೆ ಕಹಿಯನ್ನೇ ಅಡಗಿಸುತ್ತದೆ ಎಂದು 1997ರಲ್ಲಿ ಬ್ರೆಸ್ಲಿನ್ ಮತ್ತು ಬೋಶಾಂಪ್ ಎಂಬಿಬ್ಬರು 'ನೇಚರ್' ಪತ್ರಿಕೆಯಲ್ಲಿ ಬರೆದರು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬ ಮಿತಿ ಇರುವುದರಿಂದ ಆ ಉಪ್ಪುನೀರನ್ನು ಹಿಂಡಿ ಚೆಲ್ಲಿ. ಉಪ್ಪು ಕಡಿಮೆ ಮಾಡಿದ ಮೊದಲ ವಾರಗಳಲ್ಲಿ ಎಲ್ಲವೂ ಸಪ್ಪೆ. ಆಮೇಲೆ ಹಳೆಯ ಪ್ರಮಾಣವೇ ನಾಲಿಗೆಗೆ ಒಗ್ಗದಂತಾಗುತ್ತದೆ.

ಎಚ್ಚರಿಕೆ: ನಾರು ಒಮ್ಮೆಗೇ ಏರಿದರೆ ಹೊಟ್ಟೆ ಪ್ರತಿಭಟನೆಗೆ ಇಳಿಯುತ್ತದೆ, ಘೋಷಣೆಗಳು ಪಕ್ಕದ ಕೋಣೆಗೂ ಕೇಳಿಸುತ್ತವೆ. ವಾರದಿಂದ ವಾರಕ್ಕೆ ತುಸುತುಸು ಏರಿಸಿ, ನೀರು ಕುಡಿಯಿರಿ, ಮಟಕಿಯನ್ನು ಮೊಳಕೆ ಬರಿಸಿ ಚೆನ್ನಾಗಿ ಬೇಯಿಸಿ. ಇದು ಹಾಸ್ಯವಲ್ಲದ ಎಚ್ಚರಿಕೆ: ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್‌ನಂಥ ಗುಳಿಗೆ ತಗೊಳ್ಳುವವರು, ಕಿಡ್ನಿಯ ತೊಂದರೆ ಇರುವವರು ಸೊಪ್ಪು ತರಕಾರಿಯನ್ನು ದಿಢೀರನೆ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಸೊಪ್ಪಿನ ವಿಟಮಿನ್ ಕೆ ಆ ಗುಳಿಗೆಯ ಕೆಲಸ ಕೆಡಿಸುತ್ತದೆ. ಕೆಟ್ಟ ಕಿಡ್ನಿಗೆ ಪೊಟ್ಯಾಸಿಯಂ ಹೊರೆ.

ಖಾನಾಪುರದ ಬಿಡಿಭಾಗಗಳು

ಊರಿನ ಮಾರ್ಕೆಟ್ಟಿನಲ್ಲಿ ಬೇಸರ ಬಂದಾಗ ಬಳಸಲು ಖಾನಾಪುರ ಪಕ್ಕದಲ್ಲೇ ಇದೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿಯ ಕಡೆ ಮಳೆ ಹಿಡಿದರೆ ತಗಟೆಯ ಚಿಗುರು, ಕೆಸುವಿನ ಎಲೆ, ಅಳಂಬಿ. ಕೆಸುವಿಗೆ ಹುಳಿ ಹಾಕದಿದ್ದರೆ ಗಂಟಲು ತುರಿಸುತ್ತದೆ, ಅದು ನಾಲಿಗೆಯ ದೋಷವಲ್ಲ. ಅಳಂಬಿಯನ್ನು ಅಲ್ಲಿಯೇ ಹುಟ್ಟಿ ಬೆಳೆದವರ ಕೈಯಿಂದ ಮಾತ್ರ ಕೊಳ್ಳಿ. ಮೊಬೈಲಿನಲ್ಲಿ ಫೋಟೊ ಹೋಲಿಸಿ ತಾವೇ ಕಿತ್ತುಕೊಳ್ಳುವ ಬಳಕೆದಾರರಿಗೆ ಎರಡನೇ ಆವೃತ್ತಿಯ ಕೈಪಿಡಿ ಬೇಕಾಗದೆ ಹೋಗಬಹುದು.

ಗೆಣಸು ಮುಖ್ಯ. ಖಾನಾಪುರ, ಬೆಳಗಾವಿ ತಾಲ್ಲೂಕಿನ ಕೆಂಪು ಮಣ್ಣಿನ ಗೆಣಸು ಚಳಿಗಾಲಕ್ಕೆ ಬೆಳಗಾವಿ ಎಪಿಎಂಸಿಯಲ್ಲಿ ರಾಶಿ ಬಿದ್ದು ದಿಲ್ಲಿಯವರೆಗೆ ಹೋಗುತ್ತದೆ. ಉಪವಾಸದ ಹೆಸರಿನಲ್ಲಿ ನಾವು ಅದನ್ನು ತುಪ್ಪ ಬೆಲ್ಲದಲ್ಲಿ ಮುಳುಗಿಸಿ ತಿನ್ನುತ್ತೇವೆ. ಬಟಾಟೆಯನ್ನು ಹೊರಗಿಟ್ಟ ಲೆಕ್ಕ ಗೆಣಸನ್ನೂ ಹೊರಗಿಟ್ಟಿದೆ. ಅದು ಪಲ್ಯೆಯ ಪಂಕ್ತಿಯಲ್ಲಿ ಕೂರುವಂತಿಲ್ಲ, ರೊಟ್ಟಿ ಅನ್ನದ ಪಂಕ್ತಿಯಲ್ಲಿ ಕೂರಬೇಕು. ಒಂದು ಗೆಣಸು ತಾಟಿಗೆ ಬಂದರೆ ಒಂದು ರೊಟ್ಟಿ ಎದ್ದು ಹೋಗಲಿ. ಸುಟ್ಟದ್ದಕ್ಕಿಂತ ಕುದಿಸಿದ್ದು ರಕ್ತದ ಸಕ್ಕರೆಯನ್ನು ನಿಧಾನ ಏರಿಸುತ್ತದೆ. ಸುಟ್ಟದ್ದರ ರುಚಿ ಹೆಚ್ಚು ಎಂಬುದನ್ನು ಈ ಕೈಪಿಡಿ ಅಲ್ಲಗಳೆಯುವುದಿಲ್ಲ.

ದೋಷ ಪತ್ತೆ

ನೆಂಟರ ಮನೆಯಲ್ಲಿ ಎರಡನೇ ಸಲ ಕುಂದಾ ಬಡಿಸಲು ಬಂದರೆ: ಕೈ ಅಡ್ಡ ಹಿಡಿದು "ಸಾಕ್ರಿ ವೈನಿ" ಎಂದರೆ ನಡೆಯದು, ಅದು ಈ ಊರಲ್ಲಿ ಇನ್ನಷ್ಟು ಹಾಕಿ ಎಂಬುದರ ಸಭ್ಯ ರೂಪ. "ಪಚಡಿ ಭಾಳ ಛಲೋ ಆಗೇತಿ, ಅದನ್ನ ಇನ್ನೊಂದೀಟು ಹಾಕ್ರಿ" ಎನ್ನಿ. ಪಚಡಿಯನ್ನು ಹೊಗಳಿಸಿಕೊಂಡವರು ಈವರೆಗೆ ಇರಲಿಕ್ಕಿಲ್ಲ, ಆ ಬೆರಗಿನಲ್ಲಿ ಕುಂದಾ ಮರೆತುಹೋಗುತ್ತದೆ.

ಉತ್ಸಾಹ ಇಳಿದುಹೋದರೆ: ಭೋಗಿಯವರೆಗೆ ತಡೆಯಿರಿ. ಸಂಕ್ರಾಂತಿಯ ಹಿಂದಿನ ದಿನ ಅವರೆ, ಬದನೆ, ಗಜ್ಜರಿ, ಹಸಿ ಕಡಲೆ, ಹಸಿ ಶೇಂಗಾ ಎಲ್ಲ ಒಂದೇ ಪಾತ್ರೆಗೆ ಬಿದ್ದು, ಎಳ್ಳು ಮೆತ್ತಿದ ಸಜ್ಜೆರೊಟ್ಟಿಯ ಜೊತೆ ತಾಟಿಗೆ ಬರುತ್ತವೆ. ಆವತ್ತು ಯಾರೂ ಅದನ್ನು ಡಯಟ್ ಎನ್ನುವುದಿಲ್ಲ, ಹಬ್ಬ ಎನ್ನುತ್ತಾರೆ, ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆ. ಆ ಭಾಜಿಯನ್ನು ವರ್ಷದ ಬೇರೆ ದಿನ ಮಾಡಬಾರದೆಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ.

ಮನೆಯಲ್ಲಿ ಅಡಿಗೆ ಮಾಡುವವರು ಮಾತು ಬಿಟ್ಟರೆ: ಇದು ಉಪಕರಣದ ದೋಷವಲ್ಲ, ಬಳಕೆದಾರರದು. ಡಾಕ್ಟರು ಹೇಳಿದ್ದು ನಿಮಗೆ, ಕೆಲಸ ಬಿದ್ದದ್ದು ಇನ್ನೊಬ್ಬರಿಗೆ. ಅನ್ನಕ್ಕೆ ಕುಕ್ಕರಿಟ್ಟರೆ ಮುಗಿಯಿತು. ಒಂದು ಪೆಂಡಿ ಮೆಂತೆಯನ್ನು ಸೋಸಲು ಕೂತರೆ ಧಾರಾವಾಹಿಯ ಒಂದು ಕಂತು ಮುಗಿಯುತ್ತದೆ. ಚವಳಿಕಾಯಿಯ ನಾರು ಬಿಡಿಸಬೇಕು, ಹಕ್ಕರಕಿಯ ಮಣ್ಣು ತೊಳೆಯಬೇಕು, ಗಜ್ಜರಿ ಹೆರೆಯಬೇಕು. ಗಂಡಸರ ಆರೋಗ್ಯಕ್ರಾಂತಿಗಳು ಬಹಳಷ್ಟು ಮುಗ್ಗರಿಸುವುದು ನಾಲಿಗೆಯಲ್ಲಲ್ಲ, ಈ ಸೋಸುವ ಮೊರದಲ್ಲಿ. ಆದ್ದರಿಂದ ಈ ಭಾಗವನ್ನು ಬಳಕೆದಾರರು ಖುದ್ದಾಗಿ ನಡೆಸತಕ್ಕದ್ದು, ಮಾರ್ಕೆಟ್ಟಿನಿಂದ ಹಿಡಿದು.

"ಮಾವಶಿ, ಮೆಂತೆ ಹ್ಯಾಂಗ?"

"ಇಪ್ಪತ್ತಕ್ಕ ಎರಡ ಪೆಂಡಿ. ತಗೋರಿ, ಮುಂಜಾನೆ ಕಿತ್ತದ್ದೈತಿ."

"ಮೂರ ಕೊಡ್ರಿ."

"ಸೋಸಾವ್ರು ಯಾರ?"

"ನಾನ."

ಮಾವಶಿ ಇಲ್ಲಿ ಒಂದು ಕ್ಷಣ ನಿಮ್ಮ ಮುಖ ನೋಡುತ್ತಾಳೆ. ಹೆದರಬೇಡಿ. "ಹಂಗಾರ ಎರಡ ಸಾಕ ತಗೋರಿ" ಎಂದು ಅವಳೇ ಪೆಂಡಿ ಚೀಲಕ್ಕೆ ಹಾಕಿ, ಮೇಲೆ ನಾಲ್ಕು ಎಸಳು ಕೊತ್ತಂಬರಿ ಇಡುತ್ತಾಳೆ. ಮನೆಗೆ ತಂದು ಹಳೆಯ ಪೇಪರು ಹಾಸಿ. ಬೇರು ಕತ್ತರಿಸಿ, ಹಳದಿ ಎಲೆ ತೆಗೆದು ಹಾಕಿ, ಎಳೆಯ ದಂಟು ಎಸೆಯಬೇಡಿ. ಮೂರು ನೀರಿನಲ್ಲಿ ಜಾಲಾಡಿ, ತೂತಿನ ಬುಟ್ಟಿಯಲ್ಲಿ ಬಸಿಯಲು ಬಿಡಿ. ಬೆಳ್ಳುಳ್ಳಿ ಸುಲಿಯುವ ವಿಧಾನವನ್ನು ಅಡಿಗೆಮನೆಯಲ್ಲಿರುವವರನ್ನು ಕೇಳಿ ತಿಳಿದುಕೊಳ್ಳತಕ್ಕದ್ದು.